ಕೇಳಿಸಿಕೊಳ್ಳುವವನ ಪಾತ್ರ

ಭದ್ರಾವತಿಯಲ್ಲಿ ಅವರನ್ನು ಕಾಣದವರಿರಲಿಲ್ಲ. ಎತ್ತರದ ಆಳು. ಸೈಕಲ್ಲಿನ ಮೇಲೆ ಕಂಬದಂತೆ ನೆಟ್ಟಗೆ ಕೂತು, ರಸ್ತೆಯ ಆ ಬದಿಯವರಿಗೂ ಈ ಬದಿಯವರಿಗೂ ಒಂದೇ ಉಸಿರಿನಲ್ಲಿ ಮಾತು ಎಸೆಯುತ್ತ ಬರುತ್ತಿದ್ದರು. ಅವರು ಬರುವ ಮೊದಲು ಅವರ ದನಿ ಬರುತ್ತಿತ್ತು. ಅಂಥವರಿಗೆ ಜೀವಮಾನದಲ್ಲಿ ಒಂದೇ ಒಂದು ಸಿನಿಮಾ ಪಾತ್ರ ಸಿಕ್ಕಿತು. ಕತೆಯೊಳಗಿನ ಒಬ್ಬನನ್ನು ಬಿಟ್ಟರೆ ಬೇರೆ ಯಾರ ಕಣ್ಣಿಗೂ ಬೀಳದ ಪಾತ್ರ ಅದು.

ಕಳೆದ ತಿಂಗಳು ಅವರ ಮಗಳು ಹೊಳೆಹೊನ್ನೂರಿನಿಂದ ಫೋನು ಮಾಡಿ, ಅಪ್ಪ ಹೋದರು ಎಂದಳು. ಊರಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಕಾರ್ಖಾನೆಯ ನಿವೃತ್ತ ನೌಕರರು, ಹವ್ಯಾಸಿ ನಟರು, ಸಿನಿಮಾದಲ್ಲೂ ಅಭಿನಯಿಸಿದ್ದರು. ಆ ‘ಸಿನಿಮಾದಲ್ಲೂ’ ಎಂಬ ಮಾತಿನ ಹಿಂದೆ ಏನಿತ್ತೆಂದು ಬಲ್ಲವರು ಈಗ ಮೂರು ಮತ್ತೊಂದು ಜನ. ಅವರಲ್ಲಿ ನಾನೊಬ್ಬ. ಹೋದವರ ಹೆಸರು ಬರೆಯುವುದಿಲ್ಲ. ಭದ್ರಾವತಿಯವರಿಗೆ ಅದು ಬೇಕಾಗಿಲ್ಲ, ಉಳಿದವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ನಾನು ಬ್ಯಾಂಕಿನ ಗುಮಾಸ್ತ. ತೊಂಬತ್ತರ ದಶಕದ ಮೊದಲಲ್ಲಿ ಭದ್ರಾವತಿಯ ಶಾಖೆಗೆ ವರ್ಗವಾಗಿ ಹೋದಾಗ, ಸಂಜೆ ಹೊತ್ತು ಕಳೆಯಲೆಂದು ಅಲ್ಲಿನ ಹವ್ಯಾಸಿ ನಾಟಕ ತಂಡವೊಂದಕ್ಕೆ ಸೇರಿಕೊಂಡೆ. ನನಗೆ ಮುಖವೂ ಇರಲಿಲ್ಲ, ಗಂಟಲೂ ಇರಲಿಲ್ಲ. ಹಾಗಾಗಿ ಪ್ರಾಂಪ್ಟರ್ ಮಾಡಿದರು. ಸೈಡ್‌ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ನಿಲ್ಲುವುದು, ನಟ ಮಾತು ಮರೆತರೆ ಪಿಸುಗುಟ್ಟುವುದು. ಇವರು ತಂಡದ ಖಾಯಂ ರಾಜ. ಕಾರ್ಖಾನೆಯಲ್ಲಿ ಫಿಟ್ಟರ್, ವೇದಿಕೆಯ ಮೇಲೆ ಚಕ್ರವರ್ತಿ. ಅವರು ಒಮ್ಮೆ ಗರ್ಜಿಸಿದರೆ ಮೈಕಿನವನು ಮೈಕು ಆರಿಸಿ ಬೀಡಿ ಸೇದಲು ಹೋಗುತ್ತಿದ್ದ.

ಮೂರನೆಯ ನಾಟಕದ ಹೊತ್ತಿಗೆ ನನಗೊಂದು ವಿಷಯ ಗೊತ್ತಾಯಿತು. ಮಾತು ಮರೆತಾಗ ಉಳಿದ ನಟರು ನನ್ನ ಕಡೆ ಕಿವಿ ಕೊಡುತ್ತಿದ್ದರು. ಇವರು ಮಾತ್ರ ಕಣ್ಣು ಕೊಡುತ್ತಿದ್ದರು. ಸಿಂಹಾಸನದಿಂದ ಇಳಿದು, ರಾಜಗಾಂಭೀರ್ಯದಿಂದ ವಿಂಗಿನ ತನಕ ನಡೆದು ಬಂದು, ನನ್ನ ತುಟಿಯನ್ನು ಒಂದು ಕ್ಷಣ ನೋಡಿ, ಹಿಂದಿರುಗಿ ಹೋಗಿ ಗರ್ಜಿಸುತ್ತಿದ್ದರು. ಒಂದು ದಿನ ಪರೀಕ್ಷೆ ಮಾಡೋಣವೆಂದು ದನಿಯೇ ಇಲ್ಲದೆ ಬರೀ ತುಟಿ ಆಡಿಸಿದೆ. ಅಕ್ಷರ ತಪ್ಪದೆ ಹೇಳಿದರು.

ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತ ಅವರೇ ಹತ್ತಿರ ಕರೆದರು. “ಗೊತ್ತಾಯ್ತಲ್ಲ ನಿಂಗೆ? ಎಡಗಿವಿ ಪೂರ್ತಿ ಹೋಗಿದೆ. ಬಲಗಡೇದು ಇದೆ, ಇಲ್ಲ ಅನ್ನೋ ಹಂಗೆ. ಮೆಷೀನ್ ಪಕ್ಕದಲ್ಲಿ ಇಷ್ಟು ವರ್ಷ ನಿಂತ್ರೆ ಇನ್ನೇನಾಗ್ತದೆ. ಯಾರ್ಗೂ ಹೇಳ್ಬೇಡ ಮಾರಾಯ. ಕಿವುಡ ಅಂತ ಗೊತ್ತಾದ್ರೆ ಮೊದ್ಲು ಕಾವಲುಗಾರನ ಪಾತ್ರ ಕೊಡ್ತಾರೆ, ಆಮೇಲೆ ಅದೂ ಇಲ್ಲ.”

ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಯಾಕೆಂದರೆ ಎದುರಿಗಿರುವವರಿಗೆ ಬಾಯಿ ತೆರೆಯಲು ಅವರು ಅವಕಾಶವನ್ನೇ ಕೊಡುತ್ತಿರಲಿಲ್ಲ. ತಪ್ಪಿ ಯಾರಾದರೂ ಮಾತು ತೆಗೆದರೆ ಉತ್ತರವೊಂದು ಸಿದ್ಧವಿತ್ತು: “ಹೌದೌದು, ಕಾಲ ಹಂಗಿದೆ.” ಬೆಲೆ ಏರಿದ್ದಕ್ಕೂ, ಮಳೆ ಬಾರದ್ದಕ್ಕೂ, ಸರ್ಕಾರ ಬಿದ್ದದ್ದಕ್ಕೂ ಅದು ಹೊಂದುತ್ತಿತ್ತು. ಒಮ್ಮೆ ಮಾತ್ರ ನಮ್ಮ ಬ್ಯಾಂಕಿನ ಜವಾನ, ತನಗೆ ಗಂಡುಮಗು ಹುಟ್ಟಿತೆಂದು ಅವರ ಕೈಗೆ ಪೇಡ ಇಟ್ಟ. ಇವರು ಅವನ ಭುಜ ತಟ್ಟಿ, ಬಹಳ ವ್ಯಸನದಿಂದ, “ಏನ್ಮಾಡೋದು, ಕಾಲ ಹಂಗಿದೆ” ಎಂದರು. ಆತ ಎಷ್ಟೋ ದಿನ ನನ್ನೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಶಿವಮೊಗ್ಗಕ್ಕೆ ವರ್ಗವಾಯಿತು. ವಿನೋಬನಗರದಲ್ಲಿ ಮನೆ ಮಾಡಿದೆ. ನಮ್ಮ ಬೀದಿಯಲ್ಲೇ ಸಿನಿಮಾ ನಿರ್ದೇಶನ ಕಲಿತು ಬಂದಿದ್ದ ಯುವಕನೊಬ್ಬನಿದ್ದ. ಯಾರು ಯಾರದೋ ನೆರವಿನಿಂದ ಒಂದು ಸಣ್ಣ ಸಿನಿಮಾ ಮಾಡಲು ಹೊರಟಿದ್ದ. ಕತೆ ಹೀಗಿತ್ತು: ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವ, ಯಾರೊಡನೆಯೂ ಮಾತಾಡಲಾರದ ಸಂಕೋಚದ ಒಂಟಿ ಮನುಷ್ಯ. ಬಾಡಿಗೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಅವನಿಗೊಬ್ಬ ಗೆಳೆಯನಿದ್ದಾನೆ. ಅವನೊಡನೆ ಮಾತೇ ಮಾತು. ಆ ಗೆಳೆಯ ನಿಜವಾದವನೆಂದೇ ಪ್ರೇಕ್ಷಕರು ತಿಳಿದಿರುತ್ತಾರೆ. ಒಂದು ದಿನ ಮನೆಯ ಓನರಮ್ಮ ಕಾಫಿ ತರುತ್ತಾಳೆ. ಒಂದೇ ಲೋಟ. ಕೋಣೆಯಲ್ಲಿ ಇನ್ನೊಬ್ಬನಿದ್ದಾನೆಂದು ಅವಳಿಗೆ ಕಾಣುವುದೇ ಇಲ್ಲ.

ನಾಯಕನಾಗಿ ಟೈಪ್‌ರೈಟಿಂಗ್ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಹುಡುಗನನ್ನು ಆರಿಸಿದ್ದರು. ನಿಜಜೀವನದಲ್ಲೂ ಆತ ಹಾಗೆಯೇ. ಹೆಸರು ಕೇಳಿದರೆ ನೆಲ ನೋಡಿ ಹೇಳುತ್ತಿದ್ದ. ಓನರಮ್ಮನ ಗಂಡನ ಸಣ್ಣ ಪಾತ್ರಕ್ಕೆ ಯಾರಾದರೂ ಬೇಕೆಂದಾಗ ನಾನು ನಿರ್ದೇಶಕನನ್ನು ಭದ್ರಾವತಿಗೆ ನಾಟಕ ನೋಡಲು ಕರೆದೊಯ್ದೆ. ನಾಟಕ ಅವನಿಗೆ ಹಿಡಿಸಲಿಲ್ಲ. ಆಮೇಲೆ ಬಣ್ಣದ ಕೋಣೆಗೆ ಹೋದೆವು. ಅಲ್ಲಿ ಮೇಕಪ್ಪಿನ ಮುದುಕ ತನ್ನ ಮಂಡಿನೋವಿನ ಕತೆ ಹೇಳುತ್ತಿದ್ದ. ಇವರು ಅವನ ಮುಖವನ್ನೇ ನೋಡುತ್ತ ಕೂತಿದ್ದರು.

ನಿರ್ದೇಶಕ ನನ್ನ ತೋಳು ಹಿಡಿದ. “ಸಾರ್, ಅವ್ರು ಕೇಳೋದ್ ನೋಡಿ. ಹಿಂಗೆ ಕೇಳಿಸ್ಕೊಳ್ಳೋರನ್ನ ನಾನು ಎಲ್ಲೂ ನೋಡಿಲ್ಲ. ನಂಗೆ ಗೆಳೆಯನ ಪಾತ್ರಕ್ಕೆ ಇವ್ರೇ ಬೇಕು.”

ಆ ನೋಟದ ಕಾರಣ ನನಗೆ ಗೊತ್ತಿತ್ತು.

ಪಾತ್ರದ ಬಗ್ಗೆ ಇಬ್ಬರ ನಡುವೆ ನಮ್ಮ ಮನೆಯ ಜಗಲಿಯಲ್ಲಿ ನಡೆದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. ಆ ಗೆಳೆಯ ನಾಯಕನ ಮನಸ್ಸಿನ ಕಾಯಿಲೆ, ಅವನ ಭಯವೇ ರೂಪ ತಳೆದು ಬಂದದ್ದು ಎಂದು ನಿರ್ದೇಶಕ ವಿವರಿಸಿದ. ಇವರು ಅವನ ತುಟಿಯನ್ನೇ ನೋಡುತ್ತ ಎಲ್ಲವನ್ನೂ ಕೇಳಿ, “ಕಾಯಿಲೆ ಅಂದ್ರೆ ನಾನು ಹೆಂಗ್ ಮಾಡ್ಲಿ ಸಾರ್? ಕಾಯಿಲೆ ಕೈ ಎಲ್ಲಿಟ್ಕೊಳ್ತದೆ? ಕಾಲ್ ಮೇಲ್ ಕಾಲ್ ಹಾಕ್ತದಾ?” ಎಂದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು.

ಒಂದು ವಾರ ಬಿಟ್ಟು ಉತ್ತರವನ್ನು ಅವರೇ ತಂದರು. ಅವರ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ತಮಿಳಿನವರೊಬ್ಬರಿದ್ದರು. ಎಂಟು ಗಂಟೆ ಮೇಲಿನ ಗೂಡಿನಲ್ಲಿ ಒಬ್ಬರೇ. ಕೆಳಗೆ ನಿಂತು ನೋಡಿದರೆ ಅವರ ತುಟಿ ಸದಾ ಆಡುತ್ತಿತ್ತಂತೆ. “ನಾನು ಕೇಳ್ದೆ, ‘ಯಾರ್ ಹತ್ರ ಅಣ್ಣಾ ಮಾತಾಡ್ತೀಯ ಅಲ್ಲಿ?’ ಅಂತ. ‘ನಿಮ್ಮ್ ಹತ್ರಾನೇ. ನಿಮ್ಗೆ ಕೇಳಲ್ಲ, ಅಷ್ಟೇ’ ಅಂದ. ಸಾರ್, ನಮ್ಮ ಹುಡುಗನ ಗೆಳೆಯ ಭಯ ಅಲ್ಲ, ದೆವ್ವ ಅಲ್ಲ. ಅವ್ನು ಕೇಳಿಸ್ಕೊಳ್ಳೋನು. ಕೆಳಗಿದ್ದ ನಮಗೆ ಕೇಳಿಸ್ತಿರಲಿಲ್ಲ, ಇವನಿಗೆ ಕೇಳಿಸ್ತದೆ. ಅಷ್ಟೇ ವ್ಯತ್ಯಾಸ.” ನಿರ್ದೇಶಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಪೂರ್ತಿ ಒಪ್ಪಿದನೆಂದಲ್ಲ. ಆದರೆ ಅಲ್ಲಿಂದಾಚೆ ಆ ಪಾತ್ರ ಅವರದಾಯಿತು.

ಇಲ್ಲದ ಮನುಷ್ಯನ ಕಟ್ಟುಪಾಡುಗಳನ್ನು ಅವರೇ ಮಾಡಿಕೊಂಡರು. ಅವನು ಬಾಗಿಲು ತೆರೆಯುವಂತಿಲ್ಲ. ನಾಯಕ ತೆರೆದಾಗ ಜೊತೆಯಲ್ಲೇ ಒಳಗೆ ಬರಬೇಕು. ಕುರ್ಚಿ ಎಳೆದುಕೊಳ್ಳುವಂತಿಲ್ಲ. ಹಾಸಿಗೆಯ ಮೇಲೆ ಕೂತರೆ ಹೊದಿಕೆ ಸುಕ್ಕಾಗಬಾರದು. ಆದ್ದರಿಂದ ಕೂರುವುದೇ ಬೇಡ, ಕಿಟಕಿಗೆ ಒರಗಿ ನಿಲ್ಲುವುದು. ಇದಕ್ಕಾಗಿ ತಿಂಗಳುಗಟ್ಟಲೆ ಮನೆಯಲ್ಲಿ ಅಭ್ಯಾಸ ನಡೆಯಿತು. ಊಟಕ್ಕೆ ತಾವಾಗಿ ತಟ್ಟೆ ತೆಗೆದುಕೊಳ್ಳುತ್ತಿರಲಿಲ್ಲ. “ನೀವು ಇಲ್ಲದ ಮನುಷ್ಯ ಆದ್ರೆ ನಂಗೆ ಒಂದು ಸೇರು ಅಕ್ಕಿ ಉಳೀತದೆ” ಎಂದು ಅವರ ಹೆಂಡತಿ ರೇಗುತ್ತಿದ್ದರಂತೆ.

ಮೊದಲ ದಿನದ ಚಿತ್ರೀಕರಣ ಶಿವಮೊಗ್ಗ-ಭದ್ರಾವತಿ ದಾರಿಯ ಮಲವಗೊಪ್ಪದಲ್ಲಿ, ರಸ್ತೆಬದಿಯಲ್ಲಿ. ನಾಯಕ, ಪಕ್ಕದಲ್ಲಿ ಇವರು, ನಡೆದು ಹೋಗಬೇಕು. ಎದುರಿಗೆ ಬರುವ ಯಾರೂ ಇವರನ್ನು ಗಮನಿಸಬಾರದು. ಭದ್ರಾವತಿಯ ಪಾಳಿ ಮುಗಿಸಿ ಬರುವವರು ಒಬ್ಬೊಬ್ಬರಾಗಿ ಸೈಕಲ್ ನಿಲ್ಲಿಸಿ, “ಏನ್ರೀ ಅಣ್ಣಾ ಇಲ್ಲಿ? ರಜಾನಾ?” ಎಂದು ಕೇಳತೊಡಗಿದರು. ಮಧ್ಯಾಹ್ನದವರೆಗೆ ಒಂದು ಶಾಟ್ ಆಗಲಿಲ್ಲ. ಗಂಟುಮೂಟೆ ಕಟ್ಟಿ ವಿನೋಬನಗರಕ್ಕೆ ಬಂದೆವು.

ಅಲ್ಲಿ ನನಗೂ ಒಂದು ಪಾತ್ರ. ಗ್ರಂಥಾಲಯದ ಜವಾನನಾಗಿ, ಇವರ ಮುಂದೆಯೇ ಪುಸ್ತಕದ ಹೊರೆ ಹೊತ್ತು ಹೋಗಬೇಕು, ನೋಡಬಾರದು. ಎಷ್ಟು ಸಲ ಮಾಡಿದರೂ ನನ್ನ ಕಣ್ಣು ಅವರ ಕಡೆ ಹೊರಳುತ್ತಿತ್ತು. ಕೊನೆಗೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. “ನೋಡ್ಬಾರ್ದು ಅಂತ ಅಂದ್ಕೊಂಡ್ರೆ ನೋಡೇ ನೋಡ್ತೀಯ. ಮದುವೆ ಮನೇಲಿ ನಿಂಗಾಗದ ಷಡ್ಡಕ ಎದುರಿಗೆ ಬಂದ್ರೆ ಹೆಂಗ್ ಹೋಗ್ತೀಯ? ಹಂಗ್ ಹೋಗು.” ಮುಂದಿನ ಶಾಟ್ ಓಕೆ ಆಯಿತು. ಅವರಿಗೆ ನನ್ನ ಷಡ್ಡಕನ ವಿಷಯ ಯಾರು ಹೇಳಿದ್ದರೋ.

ತೊಡಕು ಬಂದದ್ದು ತುಂಗೆಯ ದಡದಲ್ಲಿ. ನಾಯಕ ಮೆಟ್ಟಿಲ ಮೇಲೆ ಹೊಳೆಯ ಕಡೆ ಮುಖ ಮಾಡಿ ಕೂತಿರುತ್ತಾನೆ. ಎರಡು ಮೆಟ್ಟಿಲು ಹಿಂದೆ ಇವರು. ತನ್ನ ತಾಯಿ ಸತ್ತ ದಿನ ತಾನು ಯಾರಿಗೂ ಹೇಳದೆ ಕೆಲಸಕ್ಕೆ ಹೋಗಿದ್ದನ್ನು ನಾಯಕ ಮೂರು ಮಾತಿನಲ್ಲಿ ಹೇಳುತ್ತಾನೆ. ಪ್ರತಿಯೊಂದಕ್ಕೂ ಇವರು ಒಂದೊಂದು ಮಾತು ಹೇಳಬೇಕು. ಅದುವರೆಗೆ ಎಲ್ಲ ದೃಶ್ಯಗಳಲ್ಲಿ ಹುಡುಗನ ಮುಖ ಇವರಿಗೆ ಕಾಣುತ್ತಿತ್ತು. ಈಗ ಕಾಣುವುದು ಬೆನ್ನು ಮಾತ್ರ. ಹುಡುಗನ ದನಿ ಮೊದಲೇ ಮೆಲ್ಲನೆಯದು, ಮೇಲೆ ಹೊಳೆಯ ಸದ್ದು.

ಮೊದಲ ಸಲ ಹುಡುಗ ಮಾತು ಮುಗಿಸುವ ಮೊದಲೇ ಉತ್ತರ ಕೊಟ್ಟರು. ಎರಡನೇ ಸಲ ಅವನು ಮುಗಿಸಿ ಎಷ್ಟು ಹೊತ್ತಾದರೂ ಸುಮ್ಮನೆ ನಿಂತಿದ್ದರು. ಮೂರನೇ, ನಾಲ್ಕನೇ ಸಲವೂ ಹಾಗೆಯೇ. ಬಿಸಿಲು ಏರುತ್ತಿತ್ತು. ನಿರ್ದೇಶಕನ ತಾಳ್ಮೆ ತಪ್ಪಿತು.

“ಏನ್ ಸಾರ್, ಮೂರು ಡೈಲಾಗು. ಬಾಯಿಪಾಠ ಆಗಿಲ್ವಾ?”

“ಆಗಿಲ್ಲ ಸಾರ್,” ಎಂದರು. ತಲೆ ತಗ್ಗಿಸಿದ್ದರು. ಇಡೀ ನಾಟಕವನ್ನು ಎಲ್ಲರ ಪಾತ್ರ ಸಮೇತ ಒಪ್ಪಿಸಬಲ್ಲವರು, ಕಿವಿ ಕೇಳದು ಎನ್ನುವ ಬದಲು ಮಾತು ಬಾರದು ಎಂದು ಒಪ್ಪಿಕೊಂಡರು.

ನಾನು ಹತ್ತಿರ ಹೋಗಿ, “ನಾನು ನೀರಿಗಿಳಿದು ಕ್ಯಾಮೆರಾಕ್ಕೆ ಕಾಣದ ಹಾಗೆ ನಿಲ್ತೀನಿ. ಅವನು ಮುಗಿಸಿದ ತಕ್ಷಣ ಕೈ ಎತ್ತುತ್ತೀನಿ” ಎಂದೆ.

“ಬೇಡ. ಆಗ ನಾನು ನಿನ್ನ ನೋಡ್ತೀನಿ. ಅವನನ್ನ ನೋಡಲ್ಲ. ಪಾಪ, ತಾಯಿ ಸತ್ತದ್ದು ಹೇಳ್ತಿದಾನೆ.”

ಐದನೆಯ ಸಲ ಕ್ಯಾಮೆರಾ ಓಡತೊಡಗಿತು. ಹುಡುಗ ಹೊಳೆಯನ್ನು ನೋಡುತ್ತ ಕೂತಿದ್ದ. ಬಾಯಿ ತೆರೆಯುವ ಮುನ್ನ, ಯಾರೂ ಹೇಳಿರದಿದ್ದರೂ, ಕೂತಲ್ಲೇ ಪೂರ್ತಿ ತಿರುಗಿದ. ಅಷ್ಟು ದಿನಗಳಲ್ಲಿ ನಾವು ಯಾರೂ ಅವನ ಕಣ್ಣನ್ನು ಸರಿಯಾಗಿ ನೋಡಿರಲಿಲ್ಲ. ಇವರ ಮುಖವನ್ನು ನೇರ ನೋಡುತ್ತ ಮೂರು ಮಾತುಗಳನ್ನೂ ಬಿಡಿಬಿಡಿಯಾಗಿ ಹೇಳಿದ. ಇವರು ಒಂದೊಂದಕ್ಕೂ ಉತ್ತರ ಕೊಟ್ಟರು. ನಿರ್ದೇಶಕ ‘ಕಟ್’ ಅನ್ನಲು ಕೈ ಎತ್ತಿದವನು ಹಾಗೆಯೇ ನಿಂತ.

ಆಮೇಲೆ ನಾನೊಬ್ಬನೇ ಅವನನ್ನು ಪಕ್ಕಕ್ಕೆ ಕರೆದು ಯಾಕೆ ತಿರುಗಿದೆ ಎಂದು ಕೇಳಿದ್ದಕ್ಕೆ ಹುಡುಗ ಮತ್ತೆ ನೆಲ ನೋಡುತ್ತ, “ಬೆನ್ನು ಹಾಕಿ ಹೇಳೋಕೆ ನಾಚಿಕೆ ಆಯ್ತು ಸಾರ್” ಎಂದ. ಇವರ ಕಿವಿಯ ವಿಷಯ ಅವನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ಯಾರೊಡನೆಯೂ ಮಾತಾಡದವನಾದ್ದರಿಂದ ಯಾರಿಗೂ ಹೇಳಿರಲಿಲ್ಲ.

ಗುಟ್ಟು ಹೊರಗೆ ಬಿದ್ದದ್ದು ನನ್ನಿಂದ. ಚಿತ್ರೀಕರಣ ಮುಗಿದು ಮೂರು ತಿಂಗಳಿಗೆ ನಿರ್ದೇಶಕ ಬೆಂಗಳೂರಿನಿಂದ ಬ್ಯಾಂಕಿಗೆ ಫೋನು ಮಾಡಿದ. ಮುಂದಿನ ವಾರ ಡಬ್ಬಿಂಗ್, ಅವರನ್ನು ಕಳಿಸಿಕೊಡಿ ಎಂದ. ಡಬ್ಬಿಂಗ್ ಎಂದರೆ ಕತ್ತಲೆ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅದರೊಳಗಿನ ಮಾತಿಗೆ ಸರಿಯಾಗಿ ಮತ್ತೆ ಮಾತಾಡುವುದು. ಅಲ್ಲಿ ಅವರು ಪಡಬಹುದಾದ ಪಾಡು ನನ್ನ ಕಣ್ಣಿಗೆ ಕಟ್ಟಿತು. ಹೇಳಿಬಿಟ್ಟೆ. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಸಾರ್. ಹಂಗಾದ್ರೆ ಬೇರೆಯವರ ವಾಯ್ಸ್ ಹಾಕ್ಸೋಣ. ಅವ್ರಿಗೆ ನೀವೇ ಹೇಳ್ಬಿಡಿ” ಎಂದ. ಆಗಲಿ ಎಂದೆ.

ಆ ಭಾನುವಾರ ಭದ್ರಾವತಿಗೆ ಹೋದೆ. ಬೆಂಗಳೂರಿಗೆ ಹೋಗಲೆಂದು ಅವರು ಹೊಸ ಷರಟು ಹೊಲಿಸಿದ್ದರು. ನೋಡುತ್ತಲೇ, “ಡಬ್ಬಿಂಗ್ ಯಾವಾಗಂತೆ?” ಎಂದರು. ನಾನು, “ಬೇಡವಂತೆ. ಶೂಟಿಂಗಿನಲ್ಲಿ ರೆಕಾರ್ಡ್ ಆದದ್ದೇ ಚೆನ್ನಾಗಿದೆಯಂತೆ, ಅದನ್ನೇ ಇಟ್ಕೊಂಡ್ರಂತೆ” ಎಂದೆ. ಅವರ ಮುಖ ಅರಳಿತು. ಹೆಂಡತಿಯನ್ನು ಕರೆದು ಅದನ್ನೇ ದೊಡ್ಡದಾಗಿ ಹೇಳಿದರು. ಪಕ್ಕದ ಮೂರು ಕ್ವಾರ್ಟರ್ಸಿಗೂ ಕೇಳಿಸಿತು.

ಸಿನಿಮಾ ಶಿವಮೊಗ್ಗದಲ್ಲಿ ಒಂದು ವಾರ ಬೆಳಗಿನ ಆಟ ಓಡಿತು. ಭದ್ರಾವತಿಯಲ್ಲಿ ಒಂದೇ ಒಂದು ಭಾನುವಾರ. ಕಾರ್ಖಾನೆಯವರೆಲ್ಲ ಬಂದಿದ್ದರು. ತೆರೆಯ ಮೇಲೆ ಇವರು ಕಂಡಾಗ ಸಿಳ್ಳೆ ಬಿತ್ತು. ಅವರು ಬಾಯಿ ತೆರೆದರು. ರೇಡಿಯೋದವರ ಹಾಗೆ ನಯವಾದ, ತಣ್ಣಗಿನ ಯಾರದೋ ದನಿ ಬಂತು. ಸಿಳ್ಳೆ ನಿಂತಿತು. ಹಿಂದೆ ಯಾರೋ ಒಬ್ಬ ನಕ್ಕ, ಪಕ್ಕದವನು ಅವನನ್ನು ಗದರಿದ. ಆಮೇಲೆ ಇಡೀ ಟಾಕೀಸು ಕೊನೆಯವರೆಗೆ ಸದ್ದಿಲ್ಲದೆ ಕೂತಿತ್ತು. ಇವರು ಹೊಸ ಷರಟಿನಲ್ಲಿ, ಎರಡೂ ಕೈ ಮಂಡಿಯ ಮೇಲಿಟ್ಟು ತಮ್ಮನ್ನು ತಾವೇ ನೋಡುತ್ತಿದ್ದರು.

ಹೊರಗೆ ಬಂದು, “ದನಿ ಕ್ಲಿಯರ್ ಇತ್ತಾ?” ಎಂದರು.

“ಚೆನ್ನಾಗಿತ್ತು,” ಎಂದೆ. ಅವರ ಹೆಂಡತಿ ಒಮ್ಮೆ ನನ್ನ ಮುಖ ನೋಡಿದರು.

ಪತ್ರಿಕೆಯೊಂದು ಸಿನಿಮಾವನ್ನು ಹೊಗಳಿತು. ಗೆಳೆಯನ ಪಾತ್ರಧಾರಿಯ ತನ್ಮಯತೆಯ ಬಗ್ಗೆ ಎರಡು ಸಾಲಿತ್ತು. ಅವರ ಸಂಯಮದ ಮಾತುಗಾರಿಕೆಯ ಬಗ್ಗೆಯೂ ಒಂದು ಸಾಲಿತ್ತು. ನಾನು ಆ ಪತ್ರಿಕೆಯನ್ನು ಅವರಿಗೆ ಕೊಡಲಿಲ್ಲ. ಅಲ್ಲಿಂದ ನಾನು ಭದ್ರಾವತಿಗೆ ಹೋಗುವುದು ಕಡಿಮೆಯಾಯಿತು. ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಹೊಸ ಶತಮಾನ ಬರುವ ಹೊತ್ತಿಗೆ ಅವರು ಸ್ವಯಂನಿವೃತ್ತಿ ತೆಗೆದುಕೊಂಡರು. ಹೆಂಡತಿ ತೀರಿಕೊಂಡ ಮೇಲೆ ಹೊಳೆಹೊನ್ನೂರಿನಲ್ಲಿ ಶಾಲೆಯ ಟೀಚರಾಗಿದ್ದ ಮಗಳ ಮನೆ ಸೇರಿದರು. ಉಳಿದಿದ್ದ ಕಿವಿಯೂ ಹೋಯಿತೆಂದು ಕೇಳಿದೆ. ಟೈಪಿಂಗ್ ಹುಡುಗ ತಿಂಗಳಿಗೊಮ್ಮೆ ಹೋಗಿ ಗಂಟೆಗಟ್ಟಲೆ ಮಾತಾಡಿ ಬರುತ್ತಾನೆಂದೂ ಕೇಳಿದೆ. ನಾನು ಹೋಗಲಿಲ್ಲ.

ಹೋದದ್ದು ಎರಡು ವರ್ಷದ ಹಿಂದೆ. ಬ್ಯಾಂಕಿನ ಕೆಲಸಕ್ಕೆಂದು ಹೊಳೆಹೊನ್ನೂರಿಗೆ ಹೋದವನು ಮನೆ ಹುಡುಕಿಕೊಂಡು ಹೋದೆ. ಅಡುಗೆಮನೆಯ ಹೊಸ್ತಿಲ ಬಳಿ ಮಣೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಒಳಗೆ ಮಗಳು ಒಲೆಯ ಮುಂದಿದ್ದಳು. ನನ್ನನ್ನು ನೋಡಿ, “ಬಾರಯ್ಯ ಪ್ರಾಂಪ್ಟರ್!” ಎಂದು ಕೂಗಿದರು. ದನಿ ಮಾತ್ರ ಒಂದಿಷ್ಟೂ ಮುಕ್ಕಾಗಿರಲಿಲ್ಲ.

ಎದುರಿಗೆ ಕೂತು ನಾನೂ ಅವರೆಕಾಯಿ ಬಿಡಿಸತೊಡಗಿದೆ. ಮೊರವನ್ನು ನೋಡುತ್ತಲೇ, ನಿಮಗೊಂದು ವಿಷಯ ಹೇಳಬೇಕಿತ್ತು, ಆ ಡಬ್ಬಿಂಗಿನದು ಎಂದೆ.

“ಮುಖ ಎತ್ತಿ ಹೇಳು ಮಾರಾಯ. ಕಾಣಲ್ಲ.”

ಎತ್ತಿದೆ. ಅವರು ಕೈಕೆಲಸ ನಿಲ್ಲಿಸಿ ನನ್ನ ತುಟಿ ನೋಡುತ್ತ ಕೂತರು. ಗೊಣಗುವಂತಿರಲಿಲ್ಲ, ಮಾತು ನುಂಗುವಂತಿರಲಿಲ್ಲ. ತಪ್ಪೊಪ್ಪಿಗೆಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕಾಯಿತು. ನಿಮ್ಮ ಕಿವಿಯ ವಿಷಯ ಹೇಳಿದ್ದು ನಾನೇ. ಸಿನಿಮಾದಲ್ಲಿ ಇರುವುದು ನಿಮ್ಮ ದನಿಯಲ್ಲ. ನಿಮಗೆ ಸುಳ್ಳು ಹೇಳಿದೆ.

“ಗೊತ್ತು,” ಎಂದರು. “ಮಾರನೇ ದಿನ ಶಿಫ್ಟಲ್ಲೇ ಹೇಳಿದ್ರು. ಕಾರ್ಖಾನೆ ಅಂದ್ರೆ ಏನಂದ್ಕೊಂಡೆ? ಬೇಜಾರಾಯ್ತು. ಒಂದು ಆರು ತಿಂಗ್ಳು ನಿನ್ ಮೇಲೆ ಸಿಟ್ಟಿತ್ತು. ನೀನು ಬಂದಿದ್ರೆ ಬೈತಿದ್ದೆ. ನೀನು ಬರ್ಲೇ ಇಲ್ಲ.”

ಮತ್ತೆ ಕಾಯಿ ಬಿಡಿಸತೊಡಗಿದರು. ಕೊನೆಯ ದೃಶ್ಯದಲ್ಲಿ ಹುಡುಗ ಒಂದು ತಮಾಷೆ ಹೇಳುತ್ತಾನಲ್ಲ, ಅದಕ್ಕೆ ತಾವು ನಗುವುದುಂಟಲ್ಲ, ಆ ಬಾಡಿಗೆ ದನಿಯವನು ಅದನ್ನು ಹೇಗೆ ನಕ್ಕಿದ್ದಾನೆ ಎಂದು ಕೇಳಿದರು.

ಅದು ನನಗೆ ಗೊತ್ತಿತ್ತು. ನಿರ್ದೇಶಕ ಹೇಳಿದ್ದ. ಆ ನಗುವನ್ನು ಬಾಡಿಗೆ ದನಿಯವನು ಎಷ್ಟು ಸಲ ಪ್ರಯತ್ನಿಸಿದರೂ ತುಟಿಗೆ ಕೂರಲಿಲ್ಲವಂತೆ. ಕೊನೆಗೆ ಶೂಟಿಂಗಿನಲ್ಲಿ ಹಿಡಿದದ್ದನ್ನೇ ಹಾಗೇ ಬಿಟ್ಟರಂತೆ.

“ನಗು ನಿಮ್ಮದೇ,” ಎಂದೆ.

“ಏನಂದೆ?”

“ನಗು ನಿಮ್ಮದೇ. ಅದನ್ನ ಬದಲಾಯಿಸಿಲ್ಲ.”

ಅವರು ಒಳಗೆ ತಿರುಗಿ, “ಕೇಳಿಸ್ತೇನೇ? ನಗು ನಂದೇ ಅಂತೆ!” ಎಂದು ಕೂಗಿದರು.

ಮಗಳು ಒಲೆಯ ಕಡೆಯಿಂದ ತಿರುಗದೆ, ಸೌಟು ಆಡಿಸುತ್ತಲೇ ಹೇಳಿದಳು: “ಗೊತ್ತಪ್ಪ. ಟಾಕೀಸಲ್ಲಿ ಅಮ್ಮ ಅತ್ತಿದ್ದು ಅದೊಂದು ಸಲ ತಾನೆ, ಆ ನಗು ಬಂದಾಗ.”

ಅವಳ ಬೆನ್ನು ನಮ್ಮ ಕಡೆಗಿತ್ತು. ಅವರಿಗೆ ಏನೂ ತಿಳಿಯಲಿಲ್ಲ. ಏನಂದಳು ಎಂಬಂತೆ ನನ್ನನ್ನು ನೋಡಿದರು. ನಾನು ಮುಖ ಎತ್ತಿ, ಅವಳು ಹೇಳಿದ್ದನ್ನು ಮೊದಲಿನಿಂದ ಹೇಳಿದೆ.